ಬ್ರೇಕಿನ ಬುಡದ ವಿಭೂತಿ

ಬೆಳಿಗ್ಗೆ ತನ್ನ ಗಾಡಿ ರಿಪೇರಿ ಅಂಗಡಿಯ ಬೀಗ ತೆಗೆದ ಕೂಡಲೇ ಗಾಳೆಪ್ಪ ಮಾಡುವ ಕೆಲಸ ಒಂದೇ. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿಯ ಒಂದು ಕಡೆ ಸಿಕ್ಕಿಸಿ, ಸೂಜಿಮೊನೆಯನ್ನು ಇನ್ನೊಂದು ಕಡೆ ಮುಟ್ಟಿಸುತ್ತಾನೆ. ದೀಪ ಹತ್ತಿದರೆ ಕಣ್ಣಿಗೊತ್ತಿಕೊಂಡು ಜೇಬಿಗಿಡುತ್ತಾನೆ. ಜ್ವರ ಬಂದ ದಿನವೂ, ಮಗಳ ಮದುವೆಯ ಮರುದಿನವೂ ಇದು ತಪ್ಪಿಲ್ಲ. ಪರೀಕ್ಷೆ ಮಾಡುವ ದೀಪವೇ ಸುಳ್ಳಾಡಿದರೆ ಯಾರದೋ ಗಾಡಿಯ ಮೇಲೆ ಇಲ್ಲದ ತಪ್ಪು ಹೊರಿಸಿದಂತಾಗುತ್ತದೆ ಎಂಬ ಭಯ ಅವನಿಗೆ.

"ನಾ ಹೇಳೋದು ಖರೇನೋ ಸುಳ್ಳೋ ನೋಡಾಕ ನನ್ನ ಯಾವ ಬ್ಯಾಟ್ರಿಗೆ ಮುಟ್ಟಿಸ್ತೀರಿ?" ಎಂದು ಹೆಂಡತಿ ಉಚ್ಚಂಗೆಮ್ಮ ಛೇಡಿಸುತ್ತಾಳೆ. ಮಾತು ಖರ್ಚು ಮಾಡುವುದರಲ್ಲಿ ಗಾಳೆಪ್ಪನಷ್ಟು ಜಿಪುಣ ಕೊಟ್ಟೂರಿನಲ್ಲಿ ಇನ್ನೊಬ್ಬನಿಲ್ಲ.

ಅಂಗಡಿ ಎಂದರೆ ಹರಪನಹಳ್ಳಿ ರಸ್ತೆಯ ಒಂದು ಬೇವಿನ ಮರ, ಅದರ ಕೆಳಗೆ ನಾಲ್ಕು ತಗಡು. ಆ ದಿನ ಅಲ್ಲಿಗೆ ಬೆನಕಪ್ಪನ ಬಿಳಿ ಕಾರು ಬಂದು ನಿಂತಿತು. ಬೆನಕಪ್ಪ ಶೇಂಗಾ ವ್ಯಾಪಾರಿ, ಬಸ್ ಸ್ಟ್ಯಾಂಡ್ ಹತ್ತಿರದ ಕಾಂಪ್ಲೆಕ್ಸಿನ ಒಡೆಯ. ಕಾರಿನ ಮುಂದುಗಡೆ ಎಷ್ಟು ದೇವರನ್ನು ಕೂಡಿಸಿದ್ದನೆಂದರೆ ಅವರ ಸಂದಿಯಲ್ಲಿ ಇಣುಕಿ ರಸ್ತೆ ನೋಡಬೇಕಿತ್ತು. ಹಿಂದೆಯೇ ಎರ್ರೆಮ್ಮ ನಡೆದುಕೊಂಡು ಬಂದಳು. ದಿನಾ ನಸುಕಿನಲ್ಲಿ ಸ್ಕೂಟಿಯ ಮೇಲೆ ಹಡಗಲಿಗೆ ಹೋಗಿ ಮಲ್ಲಿಗೆ ತಂದು ಮಾರುವವಳು. ಇವತ್ತು ಬುಟ್ಟಿಯೂ ಇರಲಿಲ್ಲ, ಸ್ಕೂಟಿಯೂ ಇರಲಿಲ್ಲ.

ಹಿಂದಿನ ದಿನ ಬೆನಕಪ್ಪನಿಗೆ ರಸ್ತೆಯ ಆಚೆ ಯಾರೋ ದೊಡ್ಡವರು ಕಂಡರು. ನಮಸ್ಕಾರ ಮಾಡಲೆಂದು ನಡುರಸ್ತೆಯಲ್ಲೇ ಬ್ರೇಕ್ ಒತ್ತಿದ. ಹಿಂದಿದ್ದ ಎರ್ರೆಮ್ಮ ಗುದ್ದಿದಳು. ಬಂಪರ್ ಒಳಗೆ ಹೋಯಿತು, ಮಲ್ಲಿಗೆ ರಸ್ತೆ ಪಾಲಾಯಿತು. ಬಂಪರ್ ಸರಿ ಮಾಡಿಸಿಕೊಡುವ ತನಕ ಎಂದು ಬೆನಕಪ್ಪ ಸ್ಕೂಟಿಯ ಕೀ ಕಿತ್ತು ಜುಬ್ಬಾದ ಜೇಬಿಗೆ ಹಾಕಿಕೊಂಡ.

"ಕೆಂಪು ದೀಪ ಹತ್ತಲಿಲ್ಲ ತಮ್ಮಾ. ಹತ್ತಿದ್ರ ನಾ ನಿಲ್ಲಸ್ತಿದ್ದೆ," ಎಂದಳು ಎರ್ರೆಮ್ಮ.

"ಈಕಿ ಗುದ್ದಿದ ಮ್ಯಾಲೆ ಕೆಟ್ಟೈತಿ. ಹಿಂದಿನ ವೈರು ಹರದೈತಿ. ನೀನ ನೋಡಿ ಹೇಳು," ಎಂದ ಬೆನಕಪ್ಪ.

ಚಹಾ ಕುಡಿಯುತ್ತಿದ್ದ ನಾಲ್ಕು ಜನ ಲೋಟ ಹಿಡಿದೇ ಹತ್ತಿರ ಬಂದರು. ಗಾಳೆಪ್ಪ ಪೆಡಲ್ ಒತ್ತಿದ. ದೀಪ ಹತ್ತಲಿಲ್ಲ. ಹಿಂದೆ ಹೋಗಿ ಬಲ್ಬ್ ಬಿಚ್ಚಿದ. ಎರಡೂ ಹೊಸವು, ಫಳಫಳ ಹೊಳೆಯುತ್ತಿದ್ದವು.

"ಬಲ್ಬ್ ಯಾವಾಗ ಹಾಕಿಸಿದ್ರಿ ಸಾವ್ಕಾರ್ರೆ?"

"ಹೋದ ತಿಂಗಳು. ಒಂದಲ್ಲ, ಎರಡು ಸರ್ತಿ ಹಾಕಿಸೀನಿ."

"ಎರಡು ಸರ್ತಿ ಯಾಕ್ರಿ?"

ಬೆನಕಪ್ಪನಿಗೆ ಆಗ ಕೆಮ್ಮು ಬಂತು. ಚಹಾದವರಲ್ಲಿ ಒಬ್ಬ, "ನೀರು ಕೊಡ್ರಪ್ಪ ಸಾವ್ಕಾರ್ರಿಗೆ," ಎಂದ.

ಗಾಳೆಪ್ಪ ಬಲ್ಬ್ ಮತ್ತೆ ಕೂಡಿಸಿ ಫ್ಯೂಸ್ ನೋಡಿದ, ಸರಿ ಇತ್ತು. ಆಮೇಲೆ ಮಲಗಿಕೊಂಡು ಪೆಡಲಿನ ಬುಡಕ್ಕೆ ತಲೆ ತೂರಿಸಿದ. ಬ್ರೇಕಿನ ಸ್ವಿಚ್ಚು ಇರುವುದು ಅಲ್ಲಿ. ಒಂದು ವೈರಿಗೆ ಟೆಸ್ಟ್ ಲ್ಯಾಂಪ್ ಮುಟ್ಟಿಸಿದಾಗ ಹತ್ತಿತು. ಕರೆಂಟು ಅಲ್ಲಿಯವರೆಗೆ ಬಂದಿದೆ. ಪೆಡಲ್ ಒತ್ತಿ ಇನ್ನೊಂದು ವೈರಿಗೆ ಮುಟ್ಟಿಸಿದ. ಹತ್ತಲಿಲ್ಲ. ಸ್ವಿಚ್ಚಿನ ಸಾಕೆಟ್ ಕಳಚಿ, ಎರಡೂ ವೈರನ್ನು ತುಂಡು ತಂತಿಯಿಂದ ಕೂಡಿಸಿದ.

"ಎರ್ರೆಮ್ಮಕ್ಕ, ಹಿಂದ ನೋಡು."

"ಹತ್ಯಾವ ತಮ್ಮಾ! ಎರಡೂ ಹತ್ಯಾವ."

ಅಂದರೆ ಗುದ್ದಿದ್ದರಿಂದ ಹಿಂದಿನ ವೈರಿಗೆ ಏನೂ ಆಗಿರಲಿಲ್ಲ. ಗಾಳೆಪ್ಪ ಸ್ವಿಚ್ಚು ತೆಗೆದು ಅಂಗೈಯಲ್ಲಿಟ್ಟುಕೊಂಡ. ಪೆಡಲ್ ಒತ್ತಿದಾಗ ಅದರ ಪುಟ್ಟ ಕಡ್ಡಿ ಹೊರಗೆ ಚಿಮ್ಮಬೇಕು, ಆಗ ದೀಪ ಹತ್ತುತ್ತದೆ. ಕಡ್ಡಿ ಒಳಗೇ ಕೂತಿತ್ತು. ಸುತ್ತಲೂ ಬೂದುಬಣ್ಣದ ಗಟ್ಟಿ ಹೆಂಟೆ. ಮೂಸಿ ನೋಡಿದ, ತುಪ್ಪ, ಕರ್ಪೂರ, ವಿಭೂತಿ.

"ಇಲ್ಲೀತನ ವಿಭೂತಿ ಯಾರು ಹಚ್ಚಿದ್ರಿ?"

"ನಾನ. ಪ್ರತಿ ಅಮಾಸಿಗೆ, ತುಪ್ಪದಾಗ ಕಲಸಿ," ಎಂದ ಬೆನಕಪ್ಪ. ಅವನ ಎದೆ ಉಬ್ಬಿತು. "ಕಾಣೋ ಜಾಗಕ್ಕ ಎಲ್ಲಾರೂ ಹಚ್ಚತಾರ. ಕಾಣಲಾರದ ಜಾಗಕ್ಕ ಹಚ್ಚೋದು ಭಕ್ತಿ."

ಕಾಣಲಾರದ ಜಾಗದ ಈ ಭಕ್ತಿ ಕೊಟ್ಟೂರಿನ ಪ್ರತಿ ಮನೆಗೂ ಗೊತ್ತಿತ್ತು, ಅವನೇ ಹೇಳಿಕೊಂಡು ಬಂದಿದ್ದ. ಆದರೆ ಎದೆ ಉಬ್ಬಿದಷ್ಟೇ ಬೇಗ ಇಳಿಯಿತು. ಗಾಳೆಪ್ಪನ ತೋಳು ಹಿಡಿದು ಮರದ ಆಚೆಗೆ ಕರೆದೊಯ್ದ. ಮನೆಗೆ ಕರೆಂಟಿನ ಕೆಲಸಕ್ಕೆ ಕರೆಸಿದಾಗ ಹಿತ್ತಲಿನಿಂದ ಬಾ ಎನ್ನುತ್ತಿದ್ದ ಮನುಷ್ಯ, ಇವತ್ತು ತೋಳನ್ನೇ ಹಿಡಿದಿದ್ದ.

"ಹಿಂದಿನ ವೈರು ಹರದಿತ್ತು ಅಂತ ಒಂದು ಮಾತು ಹೇಳು. ಕಾಂಪ್ಲೆಕ್ಸಿನಾಗ ಮೂಲಿ ಮಳಿಗಿ ಖಾಲಿ ಐತಿ. ಬಾಡಿಗಿ ಬ್ಯಾಡ, ಏನೂ ಬ್ಯಾಡ."

ಮೂಲೆ ಮಳಿಗೆ, ಶಟರು, ಮಳೆಗೆ ಸೋರದ ಸೂರು. ಗಾಳೆಪ್ಪ ತನ್ನ ತಗಡುಗಳನ್ನು ಒಮ್ಮೆ ನೋಡಿದ. ಕಾರಿನ ಹತ್ತಿರ ವಾಪಸ್ ಬಂದು ಹೊಸ ಸ್ವಿಚ್ಚು ಕೂಡಿಸಿ ಪೆಡಲ್ ಒತ್ತಿದ. ಎರಡೂ ದೀಪ ಹತ್ತಿದವು. ಹಳೆಯ ಸ್ವಿಚ್ಚಿನ ವಿಭೂತಿಯನ್ನು ಚಾಕುವಿನಿಂದ ಕೆರೆದು, ಚರಂಡಿಗೆ ಎಸೆಯದೆ ಬೇವಿನ ಬುಡಕ್ಕೆ ಹಾಕಿದ. ಬೆರಳನ್ನು ಹಣೆಗೆ ಮುಟ್ಟಿಸಿಕೊಂಡ. ಸ್ವಿಚ್ಚನ್ನು ಎಲ್ಲರಿಗೂ ಕಾಣುವಂತೆ ಬೆಂಚಿನ ಮೇಲಿಟ್ಟ.

"ಗುದ್ದೋಕಿಂತ ಮೊದಲ ಕೆಟ್ಟೈತ್ರಿ ಇದು. ಆ ಅಕ್ಕನ ಕೀ ಕೊಡ್ರಿ."

ಲೋಟ ಹಿಡಿದವರು ಜುಬ್ಬಾದ ಜೇಬನ್ನೇ ನೋಡುತ್ತ ನಿಂತರು. ಕೀ ಹೊರಗೆ ಬಂತು. ಎರ್ರೆಮ್ಮ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಿರಬಿರನೆ ನಡೆದಳು.

ಬೆನಕಪ್ಪ ಕಾರು ಹತ್ತಿ ಗಾಜು ಇಳಿಸಿದ. ದನಿಯೂ ಇಳಿದಿತ್ತು. "ವಿಭೂತಿ ವಿಚಾರ ಊರಾಗ ಆಡಬ್ಯಾಡ. ಮಳಿಗಿ ಇನ್ನೂ ನಿಂದ ಅಂತ ತಿಳಕೋ."

"ಬ್ಯಾಡ್ರಿ," ಎಂದ ಗಾಳೆಪ್ಪ. "ನನಗ ಈ ಗಿಡದ ನೆರಳ ಸಾಕು."