ನಂಜು ಇಳಿಸಲು ಬಂದವರು

ನಂಜು ಎಂಬ ಪದವನ್ನು ಇನ್ನು ಮುಂದೆ ಯಾರಾದರೂ ನನ್ನೆದುರು ಎತ್ತಿದರೆ ನಾನು ಎದ್ದು ಒಳಗೆ ಹೋಗಿಬಿಡುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಸಿಂದಗಿಯ ಕನ್ನಡ ಟೀಚರಿಗೆ ಸೊಕ್ಕು ಬಂದಿದೆ ಎಂದು ನೀವು ಅನ್ನಬಾರದು. ಬದನೆಕಾಯಿ ನಂಜು, ಶೇಂಗಾ ನಂಜು, ಸಂಜೆಯ ಮೊಸರು ನಂಜು. ಕಾಲು ಬಾತರೆ ನಂಜು, ಕಣ್ಣು ಕೆಂಪಾದರೆ ನಂಜು, ಸೊಸೆ ಎದುರು ಮಾತಾಡಿದರೆ ಅವಳ ನಾಲಿಗೆಯಲ್ಲಿ ನಂಜು. ನಮ್ಮ ಕಡೆ ಇದು ಒಂದು ಕಾಯಿಲೆಯ ಹೆಸರಲ್ಲ, ಎಲ್ಲ ಕಾಯಿಲೆಗಳ ಮನೆತನದ ಹೆಸರು.

ನನಗೆ ಬಂದದ್ದು ಉಣ್ಣಿ ಜ್ವರ. ಎಳ್ಳ ಅಮಾವಾಸ್ಯೆಗೆ ಮೋರಟಗಿಯ ತವರುಮನೆಗೆ ಹೋಗಿದ್ದೆ. ಭೂಮಿತಾಯಿಗೆ ಎಡೆಯೆಂದು ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ ಎಲ್ಲವನ್ನೂ ನ್ಯಾಯವಾಗಿ ಮುಗಿಸಿ, ತಮ್ಮನ ಎಮ್ಮೆ ಕಟ್ಟುವ ಬೇವಿನ ಗಿಡದ ನೆರಳಿಗೆ ಅಡ್ಡಾದೆ. ಮರುದಿನ ಮೊಣಕಾಲ ಹಿಂದೆ ಎಳ್ಳುಕಾಳಿನಷ್ಟು ದೊಡ್ಡ ಉಣ್ಣಿಯೊಂದು ಕಚ್ಚಿಕೊಂಡು ಕುಳಿತಿತ್ತು. ಹಬ್ಬದ ಅಳತೆಗೆ ಸರಿಯಾಗಿಯೇ ಬಂದಿದೆಯಲ್ಲ ಎಂದು ನಕ್ಕು, ಕಿತ್ತು ಎಸೆದೆ. ಸಿಂದಗಿಗೆ ಮರಳಿ ಕೆಲವು ದಿನ ಬಿಟ್ಟು ಜ್ವರ ಬಂತು. ತಲೆಯೊಳಗೆ ಯಾರೋ ಖಾರ ಕುಟ್ಟಿದ ಹಾಗೆ ನೋವು, ಅಂಗೈ ಅಂಗಾಲುಗಳಲ್ಲಿ ಕೆಂಪು ಚುಕ್ಕೆ.

ನಮ್ಮೂರಿನ ಡಾಕ್ಟರು ತಾಳಿಕೋಟೆ ಕಡೆಯ ಹುಡುಗಿ. ಚುಕ್ಕೆ ನೋಡಿದವರೇ ಕೇಳಿದರು:

"ಟೀಚರ್, ಉಣ್ಣಿ ಏನರ ಕಡದಿತ್ತೇನ್ರಿ?"

ಹೌದು ಎಂದೆ. ಗುಳಿಗೆ ಬರೆದುಕೊಟ್ಟು ಹೇಳಿದರು: "ಇದನ್ನ ತುಂಬಿದ ಗ್ಲಾಸ್ ನೀರಿನ ಜೋಡಿ ತಗೋರಿ. ಹಾಲಿನ ಜೋಡಿ ಮಾತ್ರ ಬ್ಯಾಡ. ಬಿಡದ ತಗೊಂಡ್ರ ಜ್ವರ ಬೇಗ ಇಳೀತಾವು."

ಇಷ್ಟೇ ಚಿಕಿತ್ಸೆ. ನನ್ನ ಪಾಡಿಗೆ ನನ್ನನ್ನು ಬಿಟ್ಟಿದ್ದರೆ ಈ ಪ್ರಬಂಧವನ್ನು ಇಲ್ಲಿಗೇ ಮುಗಿಸಿ, ನಿಮಗೆ ನಮಸ್ಕಾರ ಹೇಳಿ, ಹತ್ತನೇ ಇಯತ್ತೆಯ ಉತ್ತರಪತ್ರಿಕೆ ತಿದ್ದಲು ಕೂರುತ್ತಿದ್ದೆ. ಆದರೆ ನಮ್ಮಲ್ಲಿ 'ಮಾತಾಡಿಸಲು ಬರುವುದು' ಎಂಬ ಒಂದು ಪದ್ಧತಿ ಇದೆ. ಮಲಗಿದವರನ್ನು ಎಬ್ಬಿಸಿ, ಗೋಡೆಗೆ ಒರಗಿಸಿ, "ಮಲಕೋ ಮಲಕೋ, ಏಳಬ್ಯಾಡ" ಎನ್ನುವುದು ಇದರ ಮೊದಲ ಮೆಟ್ಟಿಲು. ಆಮೇಲೆ ಜ್ವರ ಎಂದು ಬಂತು, ಹೇಗೆ ಬಂತು ಎಂಬುದನ್ನು ಮೊದಲಿನಿಂದ ಹೇಳಿಸಬೇಕು. ಬಂದವರಿಗೆ ಚಹಾ ಆಗಬೇಕು. ಜೀವನದಲ್ಲಿ ಹಾಲು ಕಾಯಿಸಿ ಗೊತ್ತಿಲ್ಲದ ನನ್ನ ಯಜಮಾನರು ಆ ದಿನಗಳಲ್ಲಿ ಮಾಡಿದ ಚಹಾಕ್ಕೆ ಹೆದರಿಯಾದರೂ ಜನ ಕಡಿಮೆಯಾಗುತ್ತಾರೆ ಎಂದುಕೊಂಡಿದ್ದೆ. ಆಗಲಿಲ್ಲ.

ಮೊದಲು ಬಂದವರು ಮುದ್ದೇಬಿಹಾಳದ ಗಂಗಕ್ಕ, ನನ್ನ ಯಜಮಾನರ ಅಕ್ಕ. ಅವರು ಮಾತಾಡಿಸಿ ಹೋಗಲು ಬಂದವರಲ್ಲ. ಬಟ್ಟೆಯ ಚೀಲ ಸಮೇತ ಇಳಿದರು. ಗುಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ ತೀರ್ಪು ಕೊಟ್ಟರು:

"ಇಂಗ್ಲಿಷ್ ಗುಳಗಿ ಅಂದ್ರ ಬೆಂಕಿ. ಬರೇ ನೀರಿನ್ಯಾಗ ನುಂಗಿದ್ರ ಕರಳು ಸುಡತಾವ. ಹಾಲಿನ್ಯಾಗ ತಗೋ ಶಾಂತಾ."

ಹಾಲು ಬೇಡವೆಂದು ಡಾಕ್ಟರು ಹೇಳಿದ್ದಾರೆ ಎನ್ನಲು ಬಾಯಿ ತೆರೆದೆ. ತೆರೆದ ಬಾಯಿಗೆ ಹಾಲು ಬಂತು. ಜೊತೆಗೆ ಬದನೆಕಾಯಿ, ಶೇಂಗಾ ಚಟ್ನಿ, ತುಪ್ಪ ಎಲ್ಲ ಬಂದ್ ಆದವು. ನಂಜು ಇರುವ ಮೈಗೆ ತುಪ್ಪ ಬೀಳಬಾರದಂತೆ. ತುಪ್ಪವಿಲ್ಲದ ರೊಟ್ಟಿಯನ್ನು ತಿನ್ನುವುದು ನನಗೆ ಉಣ್ಣಿ ಕಡಿದದ್ದಕ್ಕಿಂತ ಹೆಚ್ಚಿನ ಸಂಕಟ ಎಂದರೆ ಯಾರೂ ಕೇಳಲಿಲ್ಲ.

ಇಂಡಿಯಿಂದ ಸೋದರಮಾವ ಒಂದು ಚೀಲ ನಿಂಬೆಹಣ್ಣು ತಂದರು. ಇಂಡಿಯವರು ಎಲ್ಲಿಗೆ ಹೋದರೂ ನಿಂಬೆಹಣ್ಣೇ ಒಯ್ಯುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಮಾವ ಎದುರಿಗೆ ಕುಳಿತು ಹಿಂಡಿಸಿ ಕುಡಿಸಿದರು. ಹುಳಿಗೆ ನನ್ನ ಮುಖ ಕಿವುಚಿದಾಗಲೆಲ್ಲ "ನಂಜು ಕಡಿಯಾಕತ್ತೈತಿ ನೋಡು" ಎಂದು ಸಂತೋಷಪಟ್ಟರು.

ಬಸವನ ಬಾಗೇವಾಡಿಯಿಂದ ಬಂದ ರಾಜು ಎಲ್ಲರಿಗಿಂತ ಮುಂದುವರಿದವನು. ನನ್ನ ಚಿಕ್ಕಪ್ಪನ ಮಗ. ಸಿಮೆಂಟು ಮಾರುತ್ತಾನೆ, ಬಿಡುವಿನಲ್ಲಿ ಮೊಬೈಲಿನಲ್ಲಿ ಆರೋಗ್ಯದ ವಿಡಿಯೋ ನೋಡುತ್ತಾನೆ. ಅವನು ತಂದದ್ದು ಒಂದು ಡಬ್ಬಿ ಕಪ್ಪು ಪುಡಿ, ಇದ್ದಲಿನದು.

"ಅಕ್ಕಾ, ಗುಳಗಿ ರೋಗದ ಹುಳಾ ಕೊಲ್ತದ, ಒಪ್ಪಿದೆ. ಸತ್ತ ಹುಳದ ವಿಷಾ ಎಲ್ಲಿ ಹೋಗಬೇಕು? ಸೀದಾ ತಲಿಗಿ ಏರ್ತದ. ಈ ಪುಡಿ ಅದನ್ನ ಹಿಡಕೊಂಡು ಹೊರಗ ತರ್ತದ. ಗುಳಗಿ ನುಂಗಿದ ಕೂಡಲೇ ಇದನ್ನೂ ನುಂಗು."

ಇದರಲ್ಲಿ ಏನೋ ಒಂದು ತರ್ಕವಿತ್ತು. ಜ್ವರದಲ್ಲಿರುವವರಿಗೆ ತರ್ಕವಿದ್ದ ಹಾಗೆ ಕಾಣುವುದೆಲ್ಲ ತರ್ಕವೇ. ಹೀಗೆ ನನ್ನ ದಿನಚರಿ ನಿಗದಿಯಾಯಿತು: ಗುಳಿಗೆ, ಹಾಲು, ಕಪ್ಪು ಪುಡಿ, ನಿಂಬೆ ಪಾನಕ, ಮತ್ತು ಗಂಗಕ್ಕನ ಕಾವಲು.

ಆಗೆಲ್ಲ ನಾನು ಶಿವನ ಬಗ್ಗೆ ಬಹಳ ಯೋಚಿಸುತ್ತಿದ್ದೆ. ಸಮುದ್ರ ಕಡೆದಾಗ ಬಂದ ವಿಷವನ್ನು ಕುಡಿದು ನಂಜುಂಡ ಎನಿಸಿಕೊಂಡವನು. ಪಾರ್ವತಿ ಅವನ ಗಂಟಲು ಹಿಡಿದಳು, ವಿಷ ಅಲ್ಲಿಯೇ ನಿಂತಿತು, ಎಲ್ಲ ಸರಿಹೋಯಿತು. ಇದು ಸಾಧ್ಯವಾದದ್ದು ಕೈಲಾಸಕ್ಕೆ ಬಸ್ಸಿನ ಸೌಕರ್ಯ ಇಲ್ಲದ್ದರಿಂದ ಎಂಬುದು ನನ್ನ ಸಂಶೋಧನೆ. ಇಂಡಿ, ಮುದ್ದೇಬಿಹಾಳ, ಬಾಗೇವಾಡಿಗಳಿಂದ ಅಲ್ಲಿಗೆ ಒಂದೊಂದು ಬಸ್ಸು ಬಿಟ್ಟಿದ್ದರೆ ಶಿವನಿಗೆ ಹಾಲು, ಇದ್ದಲು, ನಿಂಬೆಹಣ್ಣು ಎಲ್ಲ ಕುಡಿಸಿ, ಪಾರ್ವತಿಯನ್ನು ಚಹಾ ಮಾಡಲು ಒಳಗೆ ಕಳಿಸುತ್ತಿದ್ದರು. ಗಂಟಲು ಹಿಡಿಯಲು ಯಾರೂ ಇರುತ್ತಿರಲಿಲ್ಲ.

ಜ್ವರ ಇಳಿಯಲಿಲ್ಲ. ಅದರ ಬದಲು ಪದಗಳು ಇಳಿಯತೊಡಗಿದವು. ಬೆರಳ ತುದಿಗಳು ಜುಮುಜುಮು ಎನ್ನುತ್ತಿದ್ದವು, ತಲೆಯಲ್ಲಿ ಮಂಜು ಕವಿದಂತೆ. ಒಲೆಯ ಮೇಲಿನ ಬೋಗುಣಿ ಇಳಿಸುವ ಇಕ್ಕಳಕ್ಕೆ ಏನನ್ನುತ್ತಾರೆ ಎಂದು ಹೊಳೆಯಲಿಲ್ಲ. "ಅದು, ಅದು, ಹಿಡಕೊಳ್ಳೂದು" ಎಂದೆ. ಜರಡಿ ಹೋಯಿತು. ಕಿಟಕಿ ಹೋಯಿತು. ನಾನು ಕನ್ನಡ ಕಲಿಸಿ ಅನ್ನ ತಿನ್ನುವವಳು, ನನ್ನ ಬಂಡವಾಳವೇ ಪದ. ಗಂಗಕ್ಕ ಮಾತ್ರ ಸಮಾಧಾನದಿಂದ ಹೇಳಿದರು, "ನಂಜು ತಲಿಗಿ ಏರೈತಿ. ಪುಡಿ ಇನ್ನೊಂದು ಚಮಚಾ ಹೆಚ್ಚಿಗಿ ಹಾಕ್ರಿ."

ಒಂದು ಬೆಳಿಗ್ಗೆ ಯಜಮಾನರು ಬಾಗಿಲಲ್ಲಿ ನಿಂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಅವರನ್ನು ನೋಡುತ್ತ ಮಲಗಿದ್ದೆ. ಇವರ ಹೆಸರು ಏನು ಎಂಬ ಪ್ರಶ್ನೆ ಸುಮ್ಮನೆ ಬಂತು. ಉತ್ತರ ಬರಲಿಲ್ಲ.

ಅವರ ಮುಖ ಗೊತ್ತು. ಕೆಮ್ಮು ಗೊತ್ತು, ಸಿಟ್ಟು ಬಂದಾಗ ಎಡಗೈಯಿಂದ ಮೀಸೆ ಮುಟ್ಟುವುದು ಗೊತ್ತು. ಹೆಸರಿನ ಜಾಗ ಮಾತ್ರ ಗುಡಿಸಿಟ್ಟ ಅಂಗಳದ ಹಾಗೆ ಖಾಲಿ. ನನಗೆ ಆದ ಭಯವನ್ನು ಹೇಗೆ ಹೇಳಲಿ? ಇಕ್ಕಳ ಹೋದರೆ ನಗಬಹುದು. ಇಷ್ಟು ವರ್ಷ ಜೊತೆಗೆ ಬಾಳಿದವರ ಹೆಸರೇ ಹೋದರೆ ಮುಂದೆ ಯಾವುದು ಹೋಗುತ್ತದೆ, ಮಗಳದೇ, ನನ್ನದೇ?

ಇನ್ನೂ ಕೆಟ್ಟದ್ದೆಂದರೆ, ನನಗೆ ಮರೆತಿದೆ ಎಂಬುದು ಯಾರಿಗೂ ಗೊತ್ತಾಗುವಂತಿರಲಿಲ್ಲ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ನಾನು ಓದಿದವಳಾದರೂ ಗಂಗಕ್ಕನ ತಮ್ಮನ ಹೆಂಡತಿ, ಹೇಳಿದವಳಲ್ಲ. ಮೊಬೈಲಿನಲ್ಲಿ ಅವರು 'ಮನಿಯವರು'. ಹಾಸ್ಟೆಲಿನಲ್ಲಿರುವ ಮಗಳಿಗೆ ಪಪ್ಪಾ. ಗೊಬ್ಬರದ ಅಂಗಡಿಗೆ ಬರುವವರಿಗೆ ಸಾವ್ಕಾರ್ರು. ಅಂಗಡಿಯ ಬೋರ್ಡಿನ ಮೇಲೆ ಇರುವುದು ಅವರ ತಂದೆಯ ಹೆಸರು. ಗಂಗಕ್ಕನಿಗೆ ಅವರು ಇವತ್ತಿಗೂ 'ತಮ್ಮಾ'. ಆ ಹೆಸರು ನನ್ನ ಬಾಯಿಂದ ಹೊರಡುತ್ತಿದ್ದುದು ಮದುವೆ, ಬಸುರಿಯರ ಕುಬಸಗಳಲ್ಲಿ, ಹೆಂಗಸರೆಲ್ಲ ಸೇರಿ ಪೀಡಿಸಿದಾಗ, ಗಂಡನ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಹೇಳುವ ಒಡಪಿನ ಕೊನೆಗೆ ಮಾತ್ರ. ನನ್ನ ಒಡಪು ನಾನೇ ಕಟ್ಟಿದ್ದು, ಈ ಸುತ್ತಿನ ಬಳಗದಲ್ಲಿ ಹೆಸರುವಾಸಿಯಾದದ್ದು. ಅದನ್ನು ಮನಸ್ಸಿನಲ್ಲೇ ಹೇಳಿಕೊಂಡು ಕೊನೆಗೆ ಬಂದು ನಿಂತೆ. ಮೊದಲ ಸಾಲಿನ ತುಪ್ಪಕ್ಕೆ ಪ್ರಾಸವಾಗಬೇಕು ಎಂಬುದಷ್ಟೇ ಉಳಿದಿತ್ತು. ಈರಪ್ಪ, ಮಲ್ಲಪ್ಪ, ಬಸಪ್ಪ, ಸಿದ್ದಪ್ಪ, ನಿಂಗಪ್ಪ. ತುಪ್ಪಕ್ಕೆ ಪ್ರಾಸವಾಗುವ ಗಂಡಸರಿಗೆ ನಮ್ಮ ಜಿಲ್ಲೆಯಲ್ಲಿ ಬರವೇ? ಎಲ್ಲರೂ ಸರಿಯಾಗಿ ಕೂರುತ್ತಿದ್ದರು, ಯಾರೂ ನನ್ನವರಾಗಿರಲಿಲ್ಲ.

ಜ್ವರ ಇಳಿಯದ್ದು ನೋಡಿ ಯಜಮಾನರು ಅಂದೇ ಡಾಕ್ಟರ ಬಳಿಗೆ ಕರೆದೊಯ್ದರು. ಗಂಗಕ್ಕನೂ ಬಂದರು. ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಇವತ್ತು ಯಾವ ವಾರ ಎಂದು ಕೇಳಿದರು. ಸೋಮವಾರ ಎಂದೆ. ಗುರುವಾರವಾಗಿತ್ತು.

"ಮನ್ಯಾಗ ಮಲಗಿದಾಕಿಗಿ ವಾರ ಹೆಂಗ ಗೊತ್ತಾಗತೈತ್ರಿ?" ಎಂದರು ಗಂಗಕ್ಕ.

ಡಾಕ್ಟರು ಯಜಮಾನರತ್ತ ಕೈ ತೋರಿಸಿದರು. "ಇವರು ಯಾರ್ರಿ, ಟೀಚರ್?"

"ನಮ್ಮ ಮನಿಯವರು."

"ಇವರ ಹೆಸರು?"

ನಾನು ತಲೆ ತಗ್ಗಿಸಿದೆ. ಗಂಗಕ್ಕ ಗೊಳ್ಳೆಂದು ನಕ್ಕರು. "ಚಲೋ ಕೇಳಿದ್ರಿ ಡಾಕ್ಟರ್ರ! ಮಾನವಂತ ಹೆಣ್ಮಕ್ಕಳು ಗಂಡನ ಹೆಸರು ಹಂಗ ಬಾಯಿಬಿಟ್ಟು ಹೇಳತಾರೇನ್ರಿ?"

ಎಲ್ಲರೂ ನಕ್ಕರು. ನನ್ನ ರೋಗ ಅಲ್ಲಿಯೇ ಮರ್ಯಾದೆಯ ಸೆರಗು ಹೊದ್ದುಕೊಂಡು ಪಾರಾಗುತ್ತಿತ್ತು. ಆದರೆ ಡಾಕ್ಟರು ನಮ್ಮ ಕಡೆಯವರೇ ಅಲ್ಲವೇ.

"ಹಂಗಾರ ಒಡಪು ಹಾಕಿ ಹೇಳ್ರಿ. ನಮ್ಮವ್ವಾನೂ ಹಂಗ ಹೇಳ್ತಿದ್ಲು."

ಮೆಲ್ಲಗೆ ಶುರು ಮಾಡಿದೆ. "ಬಿಸಿ ರೊಟ್ಟಿ ಮ್ಯಾಲ ಎಮ್ಮಿಯ ತುಪ್ಪ, ನನ್ನ ಬಾಳಿನ ಜೋಡಿ..."

ಅಲ್ಲಿಗೆ ನಿಂತಿತು. ನಾಚಿಕೊಂಡಳು ಎಂದು ಗಂಗಕ್ಕ ಮತ್ತೆ ನಕ್ಕರು. ಯಜಮಾನರು ನಗಲಿಲ್ಲ. ಆ ಒಡಪನ್ನು ಅವರು ಎಷ್ಟು ಕುಬಸಗಳಲ್ಲಿ ಬಾಗಿಲ ಹಿಂದೆ ನಿಂತು ಕೇಳಿದ್ದರೋ. ನನ್ನ ಮುಖ ನೋಡಿದರು.

"ಡಾಕ್ಟರ್ರ," ಎಂದರು, "ಆಕಿ ನಾಚಕೊಳ್ಳಾಕತ್ತಿಲ್ರಿ. ಆಕಿಗಿ ನೆನಪಾಗವಲ್ತು."

ಎಲ್ಲರ ಎದುರಿಗೆ ನಾನು ಜೋರಾಗಿ ಅತ್ತುಬಿಟ್ಟೆ. ಮುಚ್ಚಿಟ್ಟದ್ದನ್ನು ಒಬ್ಬರು ಕಂಡುಹಿಡಿದರಲ್ಲ ಎಂಬ ಸಮಾಧಾನವೂ ಅದರಲ್ಲಿ ಸೇರಿತ್ತು.

ಆಮೇಲೆ ಡಾಕ್ಟರು ಏನೇನು ಕೊಟ್ಟಿದ್ದೀರಿ ಎಂದು ವಿಚಾರಿಸಿದರು. ಹಾಲಿನ ಸುದ್ದಿಗೆ ಹುಬ್ಬು ಗಂಟಿಕ್ಕಿದರು. ಇದ್ದಲಿನ ಸುದ್ದಿಗೆ ಕುರ್ಚಿಯಿಂದ ಎದ್ದರು.

"ಆ ಪುಡಿ ವಿಷಾ ಹೊರಗ ತಂದತೋ ಇಲ್ಲೋ, ನನ್ನ ಗುಳಗಿ ಮಾತ್ರ ಹಿಡಕೊಂಡು ಹೊರಗ ಹೋಗೇತಿ! ಹಾಲೂ ಹಂಗ, ಗುಳಗಿ ಮೈಗೆ ಹತ್ತಗೊಡೂದಿಲ್ಲ. ಇಷ್ಟ ದಿನ ಇವರಿಗಿ ನೀವು ಔಷಧ ಕೊಟ್ಟೇ ಇಲ್ಲ ಅಂತ ತಿಳೀರಿ. ವಿಷಾ ಹೊರಗ ಹಾಕಾಕ ಮೈಯಾಗ ಲಿವರ್ ಐತಿ, ಕಿಡ್ನಿ ಅದಾವು. ಅವುಕ್ಕ ಅವುಗಳ ಕೆಲಸ ಗೊತ್ತೈತಿ, ಯಾರೂ ಕಲಸೂದು ಬ್ಯಾಡ!"

ನನ್ನನ್ನು ಆಸ್ಪತ್ರೆಗೆ ಸೇರಿಸಿ, ಅದೇ ಔಷಧವನ್ನು ಸೂಜಿಯಲ್ಲಿ ಕೊಟ್ಟರು. ನೆಂಟರಿಗೆ ಒಳಗೆ ಪ್ರವೇಶವಿರಲಿಲ್ಲ. ಅಂಥ ಸುಖವನ್ನು ನಾನು ಮದುವೆಯಾದ ಮೇಲೆ ಕಂಡಿರಲಿಲ್ಲ.

ಜ್ವರ ಇಳಿಯಿತು. ಮನೆಗೆ ಬಂದೆ. ಇನ್ನು ಗುಳಿಗೆ, ನೀರು, ನಿದ್ದೆ, ಬೇರೇನೂ ಇಲ್ಲ. ಬೆರಳುಗಳ ಜುಮುಜುಮು ಕಡಿಮೆಯಾಯಿತು. ಕಿಟಕಿ ಬಂತು, ಜರಡಿ ಬಂತು, ಒಂದು ಮಧ್ಯಾಹ್ನ ಇಕ್ಕಳವೂ ತಾನಾಗಿ ಬಂತು. ಹೆಸರು ಬರಲಿಲ್ಲ. ಯಜಮಾನರು ಹಾಸಿಗೆಯ ಪಕ್ಕ ಕುಳಿತು ಕೇಳಿದರು, "ನಾನ ಹೇಳಿಬಿಡ್ಲೇನು?"

"ಬ್ಯಾಡ್ರಿ," ಎಂದೆ. "ನೀವು ಹೇಳಿದ್ರ ಅದು ನೀವು ಹೇಳಿಕೊಟ್ಟಂಗ ಆಗತೈತಿ. ತಾನಾಗೇ ಬರ್ಲಿ."

ಆಗಲಿ ಎಂದರು. ಅಂದಿನಿಂದ ಯಾರದಾದರೂ ಫೋನು ಬಂದರೆ ಚಪ್ಪಲಿ ಮೆಟ್ಟಿ ಬೀದಿಗೆ ಹೋಗಿ, ಅಲ್ಲಿ ತಮ್ಮ ಹೆಸರು ಹೇಳಿ, ಮಾತು ಮುಗಿಸಿ ಒಳಗೆ ಬರುತ್ತಿದ್ದರು. ತನ್ನ ಹೆಸರನ್ನು ತಾನೇ ಬಚ್ಚಿಟ್ಟುಕೊಂಡು ಓಡಾಡುವ ಗಂಡಸನ್ನು ಕಂಡು ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಗಂಗಕ್ಕ ಕೆಲವು ದಿನ ಯಾವ ಮದ್ದನ್ನೂ ತರಲಿಲ್ಲ. ಮುದ್ದೇಬಿಹಾಳದಲ್ಲಿ ಅವರ ಸೊಸೆಯ ಕುಬಸ ಹತ್ತಿರ ಬಂದಿತ್ತು. ಅಲ್ಲಿ ಹೆಂಗಸರು ನನ್ನಿಂದ ಒಡಪು ಹೇಳಿಸದೆ ಬಿಡುವುದಿಲ್ಲ ಎಂಬ ಚಿಂತೆ ಅವರಿಗೂ ಹತ್ತಿಕೊಂಡಿರಬೇಕು. ಒಂದು ಬೆಳಿಗ್ಗೆ ದೊಡ್ಡ ತಂಬಿಗೆ ಹಿಡಿದು ಬಂದರು. ಬೇವಿನ ಕಷಾಯ. ಅದರ ವಾಸನೆ ಅವರಿಗಿಂತ ಮೊದಲೇ ಹಾಸಿಗೆಗೆ ಬಂದು ಮುಟ್ಟಿತು.

"ಜ್ವರ ಹೋಗೇತಿ, ನಂಜು ಹೋಗಿಲ್ಲ ಶಾಂತಾ. ಬೇರಿನ್ಯಾಗ ಕುಂತೈತಿ. ಇದೊಂದ ಸಲ, ಡಾಕ್ಟರ್‌ಗಿ ಹೇಳೂದು ಬ್ಯಾಡ."

ಹಾಲು ಸಹಿಸಿದ್ದೆ. ಇದ್ದಲು ಸಹಿಸಿದ್ದೆ. ತುಪ್ಪವಿಲ್ಲದ ರೊಟ್ಟಿಯನ್ನೂ ಸಹಿಸಿದ್ದೆ. ಆ ತಂಬಿಗೆ ತುಟಿಯ ಹತ್ತಿರ ಬಂದಾಗ ನನ್ನೊಳಗೆ ಏನೋ ಕಿತ್ತುಕೊಂಡಿತು. ಎದ್ದು ಕುಳಿತು ಬೀದಿಗೆ ಕೇಳಿಸುವ ಹಾಗೆ ಒದರಿದೆ:

"ಸಂಗಪ್ಪಾ! ಮೊದಲ ಬಂದು ನಿಮ್ಮ ಅಕ್ಕನ್ನ ಹೊರಗ ಕರಕೊಂಡು ಹೋಗ್ರಿ!"

ಗಂಗಕ್ಕ ತಂಬಿಗೆ ಹಿಡಿದವರು ಹಿಡಿದಂತೆಯೇ ನಿಂತರು. ಬೀದಿಯಲ್ಲಿ ಫೋನಿನಲ್ಲಿದ್ದ ಯಜಮಾನರು ಒಂದು ಚಪ್ಪಲಿಯನ್ನು ಅಲ್ಲೇ ಬಿಟ್ಟು ಹೊಸ್ತಿಲಿಗೆ ಓಡಿ ಬಂದರು.

"ಇನ್ನೊಮ್ಮೆ ಕರಿ," ಎಂದರು.

"ಸಂಗಪ್ಪ," ಎಂದೆ. ಒಡಪಿಲ್ಲ, ಪ್ರಾಸವಿಲ್ಲ, ಬರೀ ಹೆಸರು.

ಮಾನವಂತ ಹೆಣ್ಣುಮಕ್ಕಳ ಬಗ್ಗೆ ಗಂಗಕ್ಕ ಈಗ ಏನಾದರೂ ಹೇಳುತ್ತಾರೆ ಎಂದು ಕಾದೆ. ಅವರು ತಂಬಿಗೆಯನ್ನು ಕೆಳಗಿಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ತಮ್ಮನ ಕಡೆ ತಿರುಗಿ ಗೆದ್ದವರ ದನಿಯಲ್ಲಿ ಹೇಳಿದರು:

"ನೋಡಿದೇನು ತಮ್ಮಾ? ಕುಡಿಯೂದ ಬ್ಯಾಡಾತು. ಬರೇ ವಾಸನಿಗೇ ನಂಜು ಇಳೀತು!"

ಅಂದು ಮಧ್ಯಾಹ್ನ ನನ್ನ ಬಿಸಿ ರೊಟ್ಟಿಯ ಮೇಲೆ ಎಮ್ಮೆಯ ತುಪ್ಪ ಬಿತ್ತು. ಬಡಿಸಿದವರು ಗಂಗಕ್ಕ.