ಆವುಲಪ್ಪ ಮಾವನ ವ್ಯಾನಿಗೆ ಬಿದ್ದ ಲಾಕು

ಕೀಚ್ ಕೀಚ್ ಅನ್ನುವ ಆ ಸದ್ದು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ನಮ್ಮ ಮಾವ ಅಂಗಳದಲ್ಲಿ ವ್ಯಾನು ತಿರುಗಿಸಿಕೊಳ್ಳುವಾಗ ಹಿಂದಿನ ಟೈರುಗಳು ಸಿಮೆಂಟಿಗೆ ಉಜ್ಜಿಕೊಂಡು ಕೂಗುವ ಸದ್ದು ಅದು. ಅನ್ನ ಬಸಿಯುವಾಗ ಎಲ್ಲೋ ಬಾಗಿಲು ಕಿರ್ರೆಂದರೂ ಪಾತ್ರೆ ಕೆಳಗಿಟ್ಟು ಅಂಗಳಕ್ಕೆ ಓಡುತ್ತೇನೆ. ಅದೇ ವ್ಯಾನಿನಲ್ಲಿ ನನ್ನ ಮಗಳು ಯಾಮಿನಿ ದಿನಾ ಕೆಂಚಾರ್ಲಹಳ್ಳಿಯಿಂದ ಚಿಂತಾಮಣಿಗೆ ಶಾಲೆಗೆ ಹೋಗಿಬರುತ್ತಾಳೆ. ನಮ್ಮ ತೋಟದ ಮನೆಯಿಂದ ಟಾರು ರಸ್ತೆ ಸೇರಬೇಕಾದರೆ ಕೆರೆ ಏರಿಯ ಮೇಲೆ ಹೋಗಬೇಕು. ಏರಿಯ ಕೊನೆಗೆ ಒಂದು ತಿರುವು. ತಿರುವಿನಲ್ಲಿ ತಿರುಗದಿದ್ದರೆ ನೀರು.

ಮಾವನ ಬಗ್ಗೆ ಹೇಳದೆ ಈ ಭಯ ಯಾರಿಗೂ ಅರ್ಥವಾಗುವುದಿಲ್ಲ.

ಆವುಲಪ್ಪ ಅಂದರೆ ನಮ್ಮ ಸುತ್ತಮುತ್ತ ಟ್ರ್ಯಾಕ್ಟರ್ ಆವುಲಪ್ಪ. ಸ್ವಂತ ಜಮೀನಿನ ಜೊತೆಗೆ ಅರ್ಧ ಊರಿನ ಹೊಲ ಇವರೇ ಉತ್ತವರು. ಚಪ್ಪಲಿ ಕಳಚಿಟ್ಟೇ ಸೀಟಿಗೆ ಹತ್ತುವುದು. "ಗಾಡಿ ಪಾದದ ಹತ್ರ ಮಾತಾಡ್ತದಮ್ಮ, ಮಧ್ಯೆ ಚಪ್ಪಲಿ ಯಾಕೆ?" ಅನ್ನುತ್ತಾರೆ. ಯಾರದಾದರೂ ಟ್ರ್ಯಾಕ್ಟರ್ ಕೆಸರಿನಲ್ಲಿ ಹೂತುಕೊಂಡರೆ ಇವರಿಗೇ ಕರೆ ಬರುತ್ತಿತ್ತಂತೆ. ಇವರು ಹೋಗಿ ಮೊದಲು ಒಂದು ಬೀಡಿ ಸೇದಿ, ಸುತ್ತ ನೋಡಿ, ಆಮೇಲೆ ಹತ್ತಿ ಕೂತರೆ ಗಾಡಿ ಆಚೆ ಬಂತು ಅಂತಲೇ ಲೆಕ್ಕ. ಮಂಡಿ ನೋವು ಹೆಚ್ಚಾದಮೇಲೆ ಟ್ರ್ಯಾಕ್ಟರ್ ಮಾರಿ, ಹಳೇ ಬಿಳಿ ವ್ಯಾನೊಂದನ್ನು ತಂದರು. ಬೆಳಿಗ್ಗೆ ಮೊಮ್ಮಗಳು, ಆಮೇಲೆ ರೇಷ್ಮೆ ಹುಳಕ್ಕೆ ಸೊಪ್ಪು, ಗೂಡಾದಾಗ ಶಿಡ್ಲಘಟ್ಟದ ಮಾರ್ಕೆಟ್ಟು. ಯಾಮಿನಿ "ತಾತ, ಹಾರ್ನ್" ಅಂದರೆ ಸಾಕು, ಎದುರಿಗೆ ಒಂದು ಕೋಳಿ ಇಲ್ಲದಿದ್ದರೂ ಹಾರ್ನ್ ಹೊಡೆಯುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಏರಿಯ ಮೇಲೆ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದೆ. ಇವರ ಕೈಯಲ್ಲಿ ಸ್ಟೇರಿಂಗ್ ಇದ್ದರೆ ಕಣ್ಣು ಬಿಡಬಹುದು ಅಂತ ನಿಧಾನವಾಗಿ ಕಲಿತೆ.

ಈ ಸಲ ಮಳೆಗಾಲ ಶುರುವಾದಾಗ ಏರಿಗೆ ಹತ್ತುವ ಕೆಮ್ಮಣ್ಣಿನ ಇಳಿಜಾರಿನಲ್ಲಿ ವ್ಯಾನು ನಿಂತುಬಿಟ್ಟಿತು. ಹಿಂದಿನ ಒಂದು ಚಕ್ರ ಕೆಸರು ಚಿಮ್ಮಿಸಿಕೊಂಡು ಗಿರಗಿರ ತಿರುಗುತ್ತಿದೆ, ಇನ್ನೊಂದು ಅಲ್ಲಾಡುತ್ತಿಲ್ಲ. ನೋಡನೋಡುತ್ತಲೇ ಗಾಡಿ ಹಿಂದಕ್ಕೆ ಜಾರಿತು. ಯಾಮಿನಿ ಒಳಗಿದ್ದಳು. ತೋಟದಲ್ಲಿದ್ದವರು ಓಡಿಬಂದು ತಳ್ಳಿದರು, ಏನೂ ಆಗಲಿಲ್ಲ. ಆದರೆ ಮಾವನ ಮುಖ ನೋಡಲಾಗುತ್ತಿರಲಿಲ್ಲ. ಮೇಲಿಂದ ನಮ್ಮ ಅತ್ತೆ ಮಂಗಮ್ಮ ಬೇರೆ: "ಊರಲ್ಲಿರೋ ಗಾಡಿಗಳನ್ನೆಲ್ಲ ಎಳೆದು ಆಚೆ ಹಾಕ್ದೋರು, ಈ ಬೆಂಕಿಪೊಟ್ಣ ಹತ್ತಿಸಕ್ಕಾಗ್ಲಿಲ್ವಾ?"

ನನ್ನ ಗಂಡ ಮುರಳಿಮೋಹನ್ ಗೌರಿಬಿದನೂರಿನ ಫ್ಯಾಕ್ಟರಿಯಲ್ಲಿ ಕೆಲಸ, ಭಾನುವಾರ ಬರುತ್ತಾರೆ. ಮೊಬೈಲಿನಲ್ಲಿ ಏನೋ ನೋಡಿಕೊಂಡು ಬಂದು, "ಅಪ್ಪ, ಲಿಮಿಟೆಡ್ ಸ್ಲಿಪ್ ಅಂತ ಬರ್ತದೆ. ಒಂದು ಚಕ್ರ ಜಾರಿದ್ರೂ ಇನ್ನೊಂದಕ್ಕೆ ಸ್ವಲ್ಪ ಬಲ ಕೊಡ್ತದೆ. ತಿರುವಲ್ಲಿ ಎರಡೂ ತಮ್ಮ ಪಾಡಿಗೆ ತಿರುಗ್ತವೆ," ಅಂದರು. ಅಪ್ಪ ಮಗ ಇಬ್ಬರೂ ಚಿಂತಾಮಣಿಯ ಮೆಕ್ಯಾನಿಕ್ ಚಿರಂಜೀವಿಯನ್ನು ಕೇಳಿದರು. ನಾನೂ ಯಾಮಿನಿಯನ್ನು ಎತ್ತಿಕೊಂಡು ಪಕ್ಕದಲ್ಲೇ ನಿಂತಿದ್ದೆ.

ಚಿರಂಜೀವಿ ನಕ್ಕುಬಿಟ್ಟ. "ಅದು ದೊಡ್ಡ ಇಂಜಿನ್ ಗಾಡಿಗಣ್ಣೋ. ಈ ವ್ಯಾನಿಗೆ ಇರೋ ಬಲ ಎಷ್ಟು, ಅದನ್ನ ಹಂಚೋದೇನು! ಇದಕ್ಕೆ ಹೊಂದೋದು ಇಲ್ಲಿ ಸಿಗೋದೂ ಇಲ್ಲ. ಟೈರ್ ನೋಡು, ನನ್ನ ತಲೆ ಥರ ಬೋಳಾಗವೆ. ಒಳ್ಳೇವು ಹಾಕ್ಸು, ಹಿಂದೆ ಎರಡು ಮೂಟೆ ಮಣ್ಣಿಡು, ಸೆಕೆಂಡ್ ಗೇರಲ್ಲಿ ಮೆತ್ತಗೆ ಹತ್ತಿಸು."

ಮಾವನಿಗೆ ಅದು ಹಿಡಿಸಲಿಲ್ಲ. ಮೂಟೆ ಹೊತ್ತುಕೊಂಡು ಏರಿ ಹತ್ತುವುದು ಅಂದರೆ ಸೋತ ಹಾಗೆ. "ಟ್ರ್ಯಾಕ್ಟರಲ್ಲಿ ಹಿಮ್ಮಡಿ ಹತ್ರಾನೇ ಲಾಕ್ ಇರ್ತದೆ. ತುಳಿದ್ರೆ ಎರಡು ಚಕ್ರನೂ ಒಂದೇ ಸಮ. ಜೀವನ ಪೂರ್ತಿ ಅದನ್ನೇ ನಂಬ್ಕೊಂಡು ಕೆಸರು ದಾಟಿದೀನಿ," ಅಂದವರು, ಯಾರಿಗೂ ಹೇಳದೆ ಟ್ರೈಲರ್ ಕಟ್ಟುವ ವೆಲ್ಡಿಂಗ್ ಶಾಪಿಗೆ ಹೋಗಿ, ಹಿಂದಿನ ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಬಿಚ್ಚಿಸಿ, ಒಳಗಿನ ಗೇರುಗಳನ್ನು ಒಂದಕ್ಕೊಂದು ವೆಲ್ಡ್ ಮಾಡಿಸಿಕೊಂಡು ಬಂದರು.

ಮಾರನೇ ದಿನ ಅದೇ ಇಳಿಜಾರು. ಅರ್ಧಕ್ಕೆ ಬೇಕಂತಲೇ ನಿಲ್ಲಿಸಿ, ಮತ್ತೆ ಹತ್ತಿಸಿದರು. ತೋಟದ ಹುಡುಗರು ಶಿಳ್ಳೆ ಹಾಕಿದರು. "ನೋಡ್ದೇನೇ ಮಂಗಾ?" ಅಂತ ಮಾವ ಕಿಟಕಿಯಿಂದ ಕೂಗಿದರು. ಅತ್ತೆ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ನಾನೂ ನಕ್ಕೆ.

ಆ ಸದ್ದು ಕೇಳಿಸಿದ್ದು ಸಂಜೆ ಅವರು ಅಂಗಳಕ್ಕೆ ಬಂದು ತಿರುಗಿಸಿಕೊಂಡಾಗ. ಯಾಕೆ ಅಂತ ಹುಡುಕಿ ಓದಿದೆ. ಓದಬಾರದಿತ್ತೇನೋ. ಟ್ರ್ಯಾಕ್ಟರಿನ ಲಾಕು ಕೆಸರಿನಲ್ಲಿ ನೇರ ಹೋಗುವಷ್ಟು ಹೊತ್ತಿಗೆ ಮಾತ್ರ, ಕಾಲು ಎತ್ತಿದರೆ ಬಿಟ್ಟುಹೋಗುತ್ತದೆ. ನಮ್ಮ ವ್ಯಾನಿನಲ್ಲಿ ಎತ್ತುವುದಕ್ಕೆ ಕಾಲೇ ಇಟ್ಟಿಲ್ಲ, ವೆಲ್ಡ್ ಮಾಡಿದ ಲಾಕು ಸದಾ ಬಿದ್ದೇ ಇದೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಉರುಳಬೇಕು. ಅದಕ್ಕೆ ಬಿಡದಿದ್ದರೆ ಒಣನೆಲದಲ್ಲಿ ಟೈರು ಉಜ್ಜುತ್ತದೆ, ಒದ್ದೆ ನೆಲದಲ್ಲಿ ಹಿಂದಿನ ಚಕ್ರಗಳೆರಡೂ ಸೇರಿ ಗಾಡಿಯನ್ನು ನೇರಕ್ಕೆ ದಬ್ಬುತ್ತವೆ.

"ನೀವೇ ಹೇಳಿ," ಅಂತ ಗಂಡನಿಗೆ ಫೋನಿನಲ್ಲಿ ಅಂದೆ.

"ಗಾಡಿ ವಿಷ್ಯದಲ್ಲಿ ಅಪ್ಪಂಗೆ ಬುದ್ಧಿ ಹೇಳೋದಾ? ಬಂದಾಗ ನೋಡಣ ಕಣೇ."

ಧೈರ್ಯ ಮಾಡಿ ಮಾವನನ್ನೇ ಕೇಳಿದೆ, "ಮಾವ, ಆ ಸದ್ದು..."

"ಹೊಸ ವೆಲ್ಡಿಂಗ್ ಅಲ್ವಾಮ್ಮ, ಪಳಗಬೇಕು. ಪರ್ವಾಲೇದು, ಏನೂ ಆಗಲ್ಲ."

ಕಳೆದ ಶನಿವಾರ ಯಾಮಿನಿಗೆ ಶೂ ಕೊಡಿಸಲು ನಾನೂ ಜೊತೆಗೆ ಹೊರಟೆ. ಸಣ್ಣಗೆ ಜಿನುಗುತ್ತಿತ್ತು. ಏರಿಯ ಕೊನೆಯ ತಿರುವಿನಲ್ಲಿ ಮಾವ ಸ್ಟೇರಿಂಗ್ ಎಡಕ್ಕೆ ತಿರುಗಿಸಿದರು. ಸ್ಟೇರಿಂಗ್ ಪೂರ್ತಿ ತಿರುಗಿದ್ದು ನನಗೆ ಕಾಣಿಸಿತು. ವ್ಯಾನು ಮಾತ್ರ ಕೇಳಿಸಿಕೊಳ್ಳದವರ ಹಾಗೆ ನೇರ ಹೋಯಿತು. ಜಾಲಿ ಮುಳ್ಳು ಗಾಜನ್ನು ಪರಪರ ಗೀರಿತು. ಅಂಚಿನ ಕಲ್ಲಿಗೆ ಮುಟ್ಟಿ ನಿಂತಿತು. ಕೆಳಗೆ ಕೆಂಪು ನೀರು ತುಂಬಿಕೊಂಡಿತ್ತು.

"ತಾತ, ಇನ್ನೊಂದ್ಸಲ!" ಅಂತ ಯಾಮಿನಿ ಚಪ್ಪಾಳೆ ಹೊಡೆದಳು.

ಮಾವ ನಕ್ಕರು. ಆದರೆ ಎಷ್ಟೋ ಹೊತ್ತು ಗೇರು ಹಾಕಲಿಲ್ಲ. ಬ್ರೇಕಿನ ಮೇಲಿದ್ದ ಆ ಬರಿಗಾಲು ನಡುಗುತ್ತಿತ್ತು. ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು. ಮನೆಗೆ ಬಂದು ಇಬ್ಬರೂ ಯಾರಿಗೂ ಹೇಳಲಿಲ್ಲ. ಭಾನುವಾರ ಮುರಳಿ ಬರಲಿಲ್ಲ, ಓವರ್‌ಟೈಮ್ ಇತ್ತು.

ಇವತ್ತು ಬೆಳಿಗ್ಗೆ ಬಿಸಿಲಿತ್ತು, ಮಗುವನ್ನು ಕಳಿಸಿದೆ. ಮಧ್ಯಾಹ್ನ ಹುಳದ ಮನೆಯಲ್ಲಿ ಸೊಪ್ಪು ಹಾಸುತ್ತಿದ್ದೆ. ಹುಳ ಕೊನೆಯ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಮೇಯುತ್ತಿವೆ, ಆ ಸದ್ದೇ ಮಳೆಯ ಹಾಗಿರುತ್ತದೆ. ಹಾಗಾಗಿ ನಿಜವಾದ ಮಳೆ ಬಂದದ್ದು ಶೀಟಿನ ಮೇಲೆ ಜೋರಾಗಿ ಬಡಿದಮೇಲೇ ಗೊತ್ತಾಯಿತು. ಬಾಗಿಲಿಗೆ ಬಂದು ನೋಡಿದರೆ ಏರಿಯೇ ಕಾಣುತ್ತಿಲ್ಲ. ಶಾಲೆ ಬಿಡುವ ಹೊತ್ತು.

"ಯಾಕಮ್ಮ, ಮುಖ ಹಂಗಾಗೋಯ್ತು?" ಅಂದರು ಅತ್ತೆ.

ಮೊದಲು ಶಾಲೆಯ ನಂಬರ್ ಒತ್ತಿದೆ. ಮಗುವನ್ನು ತಾತನ ಜೊತೆ ಕಳಿಸಬೇಡಿ ಅನ್ನಬೇಕಿತ್ತು. ಗೇಟಿನಲ್ಲಿ ಎಲ್ಲರೆದುರಿಗೆ ವಾಚ್‌ಮನ್ ಅವರನ್ನು ತಡೆದು ನಿಲ್ಲಿಸುವುದು ಕಣ್ಣ ಮುಂದೆ ಬಂತು. ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಕೈಯಲ್ಲಿ ಸೊಪ್ಪಿನ ಹಸಿರು, ಪರದೆ ಮೇಲೆ ಬೆರಳು ಜಾರುತ್ತಿತ್ತು. ಮಾವನಿಗೇ ಮಾಡಿದೆ.

"ಏನಮ್ಮ? ಮಗು ಹತ್ತಾಯ್ತು, ಹೊರಟ್ವಿ."

"ಹೊರಡಬೇಡಿ ಮಾವ. ಇಂಜಿನ್ ಆಫ್ ಮಾಡಿ."

"ಯಾಕೆ, ಏನಾಯ್ತು?"

"ವ್ಯಾನು ಚಿರಂಜೀವಿ ಹತ್ರ ಬಿಟ್ಟು ಬಸ್ಸಲ್ಲಿ ಬನ್ನಿ. ಆ ಲಾಕ್ ತೆಗೆಸೋವರೆಗೂ ಮಗೂನ ಅದರಲ್ಲಿ ಕಳಿಸಲ್ಲ. ನೀವೂ ಬರಬೇಡಿ. ತಪ್ಪು ತಿಳ್ಕೋಬೇಡಿ ಮಾವ, ನನಗೆ ಭಯ ಆಗ್ತಿದೆ."

ಆ ಕಡೆ ವೈಪರ್ ಆಡುತ್ತಿತ್ತು. ಯಾಮಿನಿ ಏನೋ ಕೇಳುತ್ತಿದ್ದಳು. ಆಮೇಲೆ ಇಂಜಿನ್ ನಿಂತಿತು.

"ಶನಿವಾರದಿಂದ ನಂಗೂ ಆ ತಿರುವು ಬಂದ್ರೆ ಅಂಗೈ ಬೆವರ್ತದೆ ಕಣಮ್ಮ," ಅಂದರು, ಮಗುವಿಗೆ ಕೇಳಿಸದ ಹಾಗೆ. ಮತ್ತೆ, "ನಿಮ್ಮತ್ತೆಗೆ ಹೇಳ್ಬೇಡ. ನಮ್ಮೂರ ಬಸ್ಸು ಸ್ಟ್ಯಾಂಡಲ್ಲಿ ಯಾವ ಕಡೆ ನಿಲ್ತದೆ?"