ಒಂದೇ ಸಲ ಬಾರಿಸಿದ ಹಾರ್ನ್

ಇಂದು ಬೆಳಿಗ್ಗೆ ಮಿಕ್ಸಿಯಿಂದ ಸುಟ್ಟ ವೈರಿನ ವಾಸನೆ ಬಂತು. ನಾನು ಸ್ಕ್ರೂಡ್ರೈವರ್ ಹುಡುಕುವಷ್ಟರಲ್ಲಿ ಹೆಂಡತಿ ಅಡ್ಡ ನಿಂತಳು. ‘ಕಾರಿನ ಹಾರ್ನ್ ರಿಪೇರಿ ಮಾಡಿದ್ದ ಸಾಕ್ರಿ. ಕೈ ಮುಗೀತೀನಿ, ಇದನ್ನ ಮುಟ್ಟಬ್ಯಾಡ್ರಿ.’ ನಾಲ್ಕು ವರ್ಷದ ಹಿಂದಿನ ಮಾತು ಅದು. ಆಕೆ ಮರೆತಿಲ್ಲ. ನಾನೂ ಮರೆತಿಲ್ಲ ಬಿಡಿ, ಮರೆಯುವಂಥದ್ದೂ ಅಲ್ಲ.

ನನ್ನ ಜಿಪುಣತನ ಕೊಟ್ಟೂರಿಗೆಲ್ಲ ಗೊತ್ತು. ಕಾರಿನ ಹಾರ್ನ್ ಕೆಟ್ಟಾಗ ಗುಜರಿ ಅಂಗಡಿಯಲ್ಲಿ ಹಳೆಯದೊಂದನ್ನು ಆರಿಸಿ ತಂದೆ. ಎರಡು ವೈರು, ಒಂದು ಬೋಲ್ಟು. ಇಷ್ಟಕ್ಕೆ ಮೆಕ್ಯಾನಿಕ್ ಯಾಕೆ? ನಡು ಮಧ್ಯಾಹ್ನ, ಬಿಸಿಲಿಗೆ ಓಣಿಯಲ್ಲಿ ಒಂದು ನಾಯಿಯೂ ಇಲ್ಲದ ಹೊತ್ತು, ಮೊಬೈಲಿನಲ್ಲಿ ವಿಡಿಯೊ ನೋಡುತ್ತ ಕೂಡಿಸಿಬಿಟ್ಟೆ. ಒಳಗೆ ಕೂತು ಒಮ್ಮೆ ಒತ್ತಿದೆ. ಗೊಗ್ಗರು ದನಿಯಲ್ಲಿ ಕೂಗಿತು.

ಎದುರು ಮನೆಯಿಂದ ‘ಓ, ಬಂದೆ’ ಎಂದು ಉತ್ತರ ಬಂತು.

ಅದು ಕೊಟ್ರಮ್ಮನ ದನಿ. ಆಕೆಯ ಗಂಡ ಹರಪನಹಳ್ಳಿಗೆ ಟಂಟಂ ಆಟೊ ಓಡಿಸುತ್ತಿದ್ದ. ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಇದ್ದಾಗ ಊಟದ ಹೊತ್ತಿಗೆ ಬಂದು ಹಾರ್ನ್ ಬಾರಿಸುತ್ತಿದ್ದ, ಆಕೆ ಕಾಲಿಗೆ ನೀರು ತರುತ್ತಿದ್ದಳು. ಆ ದಿನವೂ ಕೈಗೆ ಮೆತ್ತಿದ ಜೋಳದ ಹಿಟ್ಟಿನ ಸಮೇತ, ತುಂಬಿದ ತಂಬಿಗೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ನನ್ನನ್ನು ನೋಡಲಿಲ್ಲ. ನನ್ನ ಪಕ್ಕದ ಖಾಲಿ ಸೀಟನ್ನು ನೋಡುತ್ತಿದ್ದಳು.

ನಿಮ್ಮ ಕಡೆ ಹೇಗೋ, ನಮ್ಮಲ್ಲಿ ಒಂದೇ ಕೂಗಿಗೆ ಓಗೊಡಬಾರದು. ಬದುಕಿದ್ದವರು ಮೂರು ಸಲ ಕರೆಯುತ್ತಾರೆ, ಸತ್ತವರು ಒಂದೇ ಸಲ. ಓ ಅಂದವರನ್ನು ಜೊತೆಗೆ ಕರೆದೊಯ್ಯುತ್ತಾರಂತೆ. ಕೊಟ್ರಮ್ಮನ ಅತ್ತೆ ಎದ್ದುಬಿದ್ದು ಓಡಿ ಬಂದಳು.

‘ಏನ್ ಮಾಡಿದ್ರಿ ಮಾಸ್ತರ! ಈಕಿ ಓ ಅಂದುಬಿಟ್ಟಾಳ. ಇನ್ನೆರಡು ಸಲ ಬಾರ್ಸ್ರಿ, ಲಗೂ ಬಾರ್ಸ್ರಿ! ಮಗ ಹೋದ, ಈಕಿನೂ ಹೋದ್ರ ನನಗ್ಯಾರದಾರ?’

ಇಂಥದ್ದನ್ನೆಲ್ಲ ನಂಬಬೇಡಿ ಎಂದು ಇಡೀ ನೌಕರಿಯುದ್ದಕ್ಕೂ ವಿಜ್ಞಾನ ಪಾಠ ಮಾಡಿದವನು ನಾನು. ಒತ್ತಿದೆ. ಹಾರ್ನ್ ಸುಮ್ಮನಿತ್ತು. ಎರಡೂ ಕೈಯಲ್ಲಿ ಒತ್ತಿದೆ, ಗುದ್ದಿದೆ. ಇಳಿದು ವೈರು ಕಿತ್ತು ಬ್ಯಾಟರಿಗೇ ಹಿಡಿಯಹೋದೆ. ಅದು ಎಲ್ಲೋ ತಗುಲಿ ಕಿಡಿ ಹಾರಿ ಬೆರಳು ಸುಟ್ಟಿತು. ಮುದುಕಿ ಬಾಯಿ ಬಡಿದುಕೊಳ್ಳುತ್ತಿದ್ದಳು. ಕೊಟ್ರಮ್ಮ ಮಾತ್ರ ನಿಧಾನವಾಗಿ ಬಂದು ತಂಬಿಗೆಯ ನೀರನ್ನು ನನ್ನ ಬೆರಳಿಗೆ ಸುರಿದಳು. ‘ಬಿಡ್ರಿ ಮಾಸ್ತರ, ಕೈ ಸುಟ್ಗೊಂಡ್ರಿ’ ಎಂದು ಒಳಗೆ ಹೋದಳು.

ಮರುದಿನ ಮೆಕ್ಯಾನಿಕ್ ಆ ಹಾರ್ನ್ ಬಿಚ್ಚಿ ನಕ್ಕ. ‘ಒಳಗ ಕಾಯಿಲ್ ಅನ್ನೋದ ಇಲ್ಲಲ್ರಿ ಸರ! ತಾಮ್ರದ ಆಸೆಗೆ ಗುಜರಿಯವ್ರು ಎಂದೋ ತಕ್ಕೊಂಡಾರ. ಬರೇ ಡಬ್ಬಿ ಐತಿ, ಇದೆಂಗ ಕೂಗತೈತ್ರಿ?’

ನನಗೆ ನಗು ಬರಲಿಲ್ಲ. ಹೊಸದನ್ನು ಹಾಕಿಸಿಕೊಂಡು ಬಂದೆ, ಯಾರಿಗೂ ಬಾಯಿ ಬಿಡಲಿಲ್ಲ. ಆಮೇಲೆ ತಿಂಗಳುಗಟ್ಟಲೆ, ಎದ್ದ ಕೂಡಲೇ ಎದುರು ಮನೆ ಬಾಗಿಲು ತೆರೆದಿದೆಯೋ ಇಲ್ಲವೋ ಎಂದು ನೋಡುವುದೇ ನನ್ನ ಮೊದಲ ಕೆಲಸವಾಯಿತು. ಹೆದರಿದ್ದೆ, ಸುಳ್ಳೇಕೆ ಹೇಳಲಿ.

ಕೊಟ್ರಮ್ಮ ಗಟ್ಟಿಯಾಗಿಯೇ ಇದ್ದಾಳೆ. ಇಂದು ಸುಟ್ಟ ವಾಸನೆಗೆ ‘ಏನಾತ್ರಿ?’ ಎನ್ನುತ್ತ ಬಂದಳು. ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ‘ಆ ಹಾರ್ನ್ ಕೂಗಾಕ ಸಾಧ್ಯನ ಇರಲಿಲ್ಲವ್ವ. ಒಂದ ಕೂಗಿಗೆ ಓ ಅಂದೆಲ್ಲ, ನಿನಗ ಹೆದರಿಕಿ ಆಗಲಿಲ್ಲೇನು?’

‘ಹೆದರಿಕಿ ಯಾಕ್ರಿ ಮಾಸ್ತರ?’ ಎಂದಳು. ‘ಜೀವ ಇದ್ದಾಗೂ ಅವ್ರು ಒಂದ ಸಲ ಬಾರ್ಸೋರು. ಎರಡನೇದಕ್ಕ ನಾ ಎಂದೂ ಕಾಯಿಸಿಲ್ಲ.’